ಹಾಂಗ್‌ಕಾಂಗ್ ಮಾಲೀಕರು, ವಿಸ್ಕಾನ್ಸಿನ್ ತೆರಿಗೆ ದುಡ್ಡು: ಮಿಲ್ವಾಕಿ ಟೂಲ್ ವಿಸ್ತರಣೆ ಬಗ್ಗೆ ಏನಂತೀರಿ?

ಕೆಂಪು ಡ್ರಿಲ್

ಎಲ್ಲರಿಗೂ ನಮಸ್ಕಾರ. ಟೂಲ್ ಕೊಳ್ಳುವವರ ಮಾತಿನ ಮಧ್ಯೆ ಈ ಜಗಳ ಆಗಾಗ ಏಳುತ್ತಲೇ ಇರುತ್ತದೆ. ಒಂದು ಕಡೆ ಕೂತು ಮಾತಾಡೋಣ ಅಂತ ಬೇರೆ ಚರ್ಚೆ ಶುರು ಮಾಡಿದ್ದೇನೆ.

ಡ್ರಿಲ್ ಮುಂತಾದ ಟೂಲ್ ಮಾಡುವ ಮಿಲ್ವಾಕಿ ಟೂಲ್ ಅಂದರೆ ಅಪ್ಪಟ ಅಮೆರಿಕದ ಕಂಪನಿ ಅಂತ ಬಹಳ ಜನ ನಂಬಿದ್ದಾರೆ. ಹೆಸರಲ್ಲೇ ವಿಸ್ಕಾನ್ಸಿನ್ ರಾಜ್ಯದ ಊರಿದೆ, ನಂಬದೇ ಇನ್ನೇನು ಮಾಡುತ್ತಾರೆ? ಆದರೆ 2005ರಿಂದ ಅದು ಹಾಂಗ್‌ಕಾಂಗ್‌ನ ಟೆಕ್‌ಟ್ರಾನಿಕ್ ಇಂಡಸ್ಟ್ರೀಸ್, ಅಂದರೆ ಟಿಟಿಐ ಕೈಯಲ್ಲಿದೆ.

2016ರಲ್ಲಿ ವಿಸ್ಕಾನ್ಸಿನ್ ರಾಜ್ಯ ಈ ಕಂಪನಿಗೆ ಗರಿಷ್ಠ 1.8 ಕೋಟಿ ಡಾಲರ್ ತೆರಿಗೆ ಕ್ರೆಡಿಟ್ ಕೊಡಲು ಒಪ್ಪಿತು. ಅದಕ್ಕೆ ಪ್ರತಿಯಾಗಿ ಮಿಲ್ವಾಕಿ ಪಕ್ಕದ ಬ್ರೂಕ್‌ಫೀಲ್ಡ್‌ನ ಕೇಂದ್ರ ಕಚೇರಿ ವಿಸ್ತರಣೆಗೆ ಕಂಪನಿ 3.2 ಕೋಟಿ ಡಾಲರ್ ಹಾಕಬೇಕು, ಐದು ವರ್ಷದಲ್ಲಿ 592 ಹೊಸ ಕೆಲಸ ಕೊಡಬೇಕು. ಆಮೇಲೆ 2021ರಲ್ಲಿ ಮಿಲ್ವಾಕಿ ನಗರದ ಸರದಿ. ಊರ ಮಧ್ಯದಲ್ಲಿ ಒಂದು ಹಳೇ ಆಫೀಸ್ ಕಟ್ಟಡಕ್ಕೆ ಬನ್ನಿ ಅಂತ ನಗರವೂ ದುಡ್ಡು ಕೊಡಲು ಒಪ್ಪಿತು.

ನನ್ನ ಪ್ರಶ್ನೆ ನೇರ. ಲಾಭ ಹೋಗುವುದು ಹಾಂಗ್‌ಕಾಂಗ್‌ಗೆ. ಹಾಗಿದ್ದ ಮೇಲೆ ವಿಸ್ಕಾನ್ಸಿನ್ ಜನ ಕಟ್ಟುವ ತೆರಿಗೆಯನ್ನು ಇವರಿಗೆ ಯಾಕೆ ಕೊಡಬೇಕು?

ಹಳೇ ಫಿಟ್ಟರ್

ಡ್ರಿಲ್ ಅವರೇ, ಟಿಟಿಐಗಿಂತ ಮುಂಚೆಯೂ ಅದು ಅಮೆರಿಕದವರ ಕೈಯಲ್ಲಿ ಇರಲಿಲ್ಲ. 1995ರಿಂದ 2005ರ ತನಕ ಸ್ವೀಡನ್ನಿನ ಅಟ್ಲಾಸ್ ಕಾಪ್ಕೊ ಹತ್ತಿರ ಇತ್ತು. ಆಗ ಯಾರೂ ತಕರಾರು ಮಾಡಿದ ಹಾಗಿಲ್ಲ. ಸ್ವೀಡನ್ ಆದರೆ ಪರವಾಗಿಲ್ಲ, ಹಾಂಗ್‌ಕಾಂಗ್ ಆದರೆ ಮೂಗು ಮುರಿಯುವುದು. ಇದರಲ್ಲಿ ಲೆಕ್ಕಕ್ಕಿಂತ ಬೇರೆ ಏನೋ ಇದೆ ಅಲ್ವಾ?

ಟಿಟಿಐ ಕಥೆಯೂ ಕಲಸುಮೇಲೋಗರ. 1985ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಶುರು ಮಾಡಿದ ಇಬ್ಬರಲ್ಲಿ ಹೋರ್ಸ್ಟ್ ಪುಡ್ವಿಲ್ ಜರ್ಮನಿಯವರು, ರಾಯ್ ಚುಂಗ್ ಹಾಂಗ್‌ಕಾಂಗ್‌ನವರು. ಮಾರುವ ಬ್ರಾಂಡುಗಳಲ್ಲಿ ರಿಯೋಬಿ ಹೆಸರು ಜಪಾನಿನದು, ಎಇಜಿ ಜರ್ಮನಿಯದು, ಹೂವರ್ ಅಮೆರಿಕದ್ದು. ಜಾಸ್ತಿ ಮಾಲು ಖರ್ಚಾಗುವುದು ಅಮೆರಿಕದಲ್ಲಿ. ಒಟ್ಟು ಮಾರಾಟದಲ್ಲಿ ಅರ್ಧಕ್ಕೆ ಹತ್ತಿರ ಹೋಮ್ ಡಿಪೋ ಅಂಗಡಿಗಳ ಮೂಲಕವೇ ಆಗುತ್ತದೆ. ಇದಕ್ಕೆ ಯಾವ ದೇಶದ ಪಾಸ್‌ಪೋರ್ಟ್ ಕೊಡುತ್ತೀರಿ?

ಷೇರು ಬೇರೆ ಹಾಂಗ್‌ಕಾಂಗ್ ಮಾರುಕಟ್ಟೆಯಲ್ಲಿದೆ. ಅಮೆರಿಕದಲ್ಲಿ ಕೂತವರೂ ಕೊಳ್ಳಬಹುದು.

ಸ್ಪ್ಯಾನರ್ ಸುಬ್ಬಿ

ಫಿಟ್ಟರಣ್ಣ, ಪಾಸ್‌ಪೋರ್ಟ್ ಮಾತು ಚೆನ್ನಾಗಿದೆ. ಆದರೆ ಮಾಲೀಕರು ಎಲ್ಲಿದ್ದಾರೆ ಅನ್ನುವುದು ಪೂರ್ತಿ ಅಡ್ಡಮಾತು ಅಲ್ಲ. ವ್ಯಾಪಾರ ಕುಸಿದರೆ ಮೊದಲು ಯಾವ ಊರಿನ ಬಾಗಿಲು ಮುಚ್ಚಬೇಕು ಅಂತ ತೀರ್ಮಾನಿಸುವವರು ಅವರೇ. ಬ್ರೂಕ್‌ಫೀಲ್ಡ್‌ನಲ್ಲಿ ಹುಟ್ಟಿ ಬೆಳೆದ ಮಾಲೀಕರಾದರೆ ಸ್ವಲ್ಪವಾದರೂ ಮುಲಾಜು ಇರುತ್ತದೆ.

ಹಳೇ ಫಿಟ್ಟರ್

ಮುಲಾಜಾ? ಸ್ಟ್ಯಾನ್ಲಿ ಬ್ಲ್ಯಾಕ್ ಅಂಡ್ ಡೆಕರ್ ಅಮೆರಿಕದ ಕಂಪನಿಯೇ, ಯಾವ ಕಲಬೆರಕೆಯೂ ಇಲ್ಲ. ತಮ್ಮ ಕ್ರಾಫ್ಟ್ಸ್‌ಮನ್ ಬ್ರಾಂಡಿನ ಸ್ಪ್ಯಾನರ್, ಸಾಕೆಟ್ ಎಲ್ಲ ಮತ್ತೆ ಅಮೆರಿಕದಲ್ಲೇ ಮಾಡುತ್ತೇವೆ ಅಂತ 2019ರಲ್ಲಿ ಟೆಕ್ಸಸ್‌ನ ಫೋರ್ಟ್ ವರ್ತ್‌ನಲ್ಲಿ ಕಾರ್ಖಾನೆ ಘೋಷಿಸಿದರು. ಕೈಕೆಲಸ ಕಮ್ಮಿ, ಯಂತ್ರವೇ ಜಾಸ್ತಿ, ಹಾಗಾಗಿ ಚೀನಾದ ಬೆಲೆಗೆ ಸರಿಸಮ ನಿಲ್ಲುತ್ತೇವೆ ಅಂದರು. ಯಂತ್ರಗಳು ಅಂದುಕೊಂಡ ಹಾಗೆ ಓಡಲಿಲ್ಲ. 2023ರಲ್ಲಿ ಮುಚ್ಚುತ್ತೇವೆ ಅಂತ ಹೇಳಿಬಿಟ್ಟರು. ಮುಲಾಜು ಯಾರನ್ನೂ ಉಳಿಸಲಿಲ್ಲ.

ಇನ್ನೊಂದು ಕಡೆ ಜರ್ಮನಿಯ ಸ್ಟಿಲ್. ಮರ ಕೊಯ್ಯುವ ಚೈನ್ ಗರಗಸದವರು. 1974ರಿಂದ ವರ್ಜೀನಿಯಾ ಬೀಚ್‌ನಲ್ಲಿ ಇದ್ದಾರೆ, ಈಗಲೂ ಅಲ್ಲೇ ಯಂತ್ರ ತಯಾರಿಸುತ್ತಾರೆ.

ಲೆಕ್ಕಪತ್ರ

ಮಾಲೀಕರ ಜಾತಕ ಆಮೇಲೆ ನೋಡೋಣ. ಮೊದಲು "ತೆರಿಗೆ ರಿಯಾಯಿತಿ" ಅಂದರೆ ಏನು ಅಂತ ಬಿಡಿಸಿ ಹೇಳುತ್ತೇನೆ. ಅರ್ಧ ಜಗಳ ಇಲ್ಲೇ ಹುಟ್ಟುವುದು.

ಬಹಳ ಜನ ಅಂದುಕೊಳ್ಳುವುದು ಹೀಗೆ: ಕಂಪನಿ ನೂರು ರೂಪಾಯಿ ತೆರಿಗೆ ಕಟ್ಟಬೇಕಿತ್ತು, ರಾಜ್ಯ "ಐವತ್ತು ಕಟ್ಟಿ ಸಾಕು" ಅಂದಿತು. ವಿಸ್ಕಾನ್ಸಿನ್‌ನ ಈ ಕ್ರೆಡಿಟ್ ಹಾಗಲ್ಲ. ಇದು ವಾಪಸ್ ಬರುವ ಜಾತಿಯದು. ಕಂಪನಿಯ ತೆರಿಗೆ ಹತ್ತು ಡಾಲರ್, ಕ್ರೆಡಿಟ್ ಮೂವತ್ತು ಡಾಲರ್ ಆದರೆ, ಉಳಿದ ಇಪ್ಪತ್ತಕ್ಕೆ ರಾಜ್ಯ ಚೆಕ್ ಬರೆಯುತ್ತದೆ. ಹೆಸರು ತೆರಿಗೆ ಕ್ರೆಡಿಟ್, ಕೆಲಸ ಮಾತ್ರ ಸಹಾಯಧನದ್ದು.

ಯಾಕೆ ಹೀಗೆ ಮಾಡಬೇಕಾಯಿತು? ವಿಸ್ಕಾನ್ಸಿನ್‌ನಲ್ಲಿ ಕಂಪನಿ ತೆರಿಗೆ 7.9%. ಆದರೆ ಹಲವು ರಾಜ್ಯಗಳಲ್ಲಿ ವ್ಯಾಪಾರ ಮಾಡುವ ಕಂಪನಿಯ ಲಾಭದಲ್ಲಿ ವಿಸ್ಕಾನ್ಸಿನ್ ಪಾಲು ಎಷ್ಟು ಅಂತ ನೋಡುವುದು ಮಾರಾಟದ ಮೇಲೆ ಮಾತ್ರ. 2008ರಿಂದ ಅದೇ ನಿಯಮ. ಅಂದರೆ ಬ್ರೂಕ್‌ಫೀಲ್ಡ್‌ನಲ್ಲಿ ಸಾವಿರ ಎಂಜಿನಿಯರ್ ಕೂತಿದ್ದರೂ ಲೆಕ್ಕಕ್ಕಿಲ್ಲ. ವಿಸ್ಕಾನ್ಸಿನ್‌ನ ಗಿರಾಕಿಗಳು ಎಷ್ಟು ಡ್ರಿಲ್ ಕೊಂಡರು ಅನ್ನುವುದೊಂದೇ ಲೆಕ್ಕ. ಇಡೀ ದೇಶಕ್ಕೆ ಮಾರುವವರಿಗೆ ಈ ಒಂದು ರಾಜ್ಯದ ಪಾಲು ಎಷ್ಟಾದೀತು? ಅದರಲ್ಲಿ ವಿನಾಯಿತಿ ಕೊಟ್ಟರೆ ಯಾರೂ ತಿರುಗಿ ನೋಡುವುದಿಲ್ಲ. ಅದಕ್ಕೇ ವಾಪಸ್ ಬರುವ ಕ್ರೆಡಿಟ್ ಹುಟ್ಟಿತು.

ಇದರ ಜೊತೆ, ರಾಜ್ಯದೊಳಗೇ ಉತ್ಪಾದನೆ ಮಾಡುವವರಿಗೆ ಇನ್ನೊಂದು ವಿನಾಯಿತಿ ಇದೆ. ಆ ಉತ್ಪಾದನೆಯ ಲಾಭದ ಮೇಲೆ 7.5% ಕಳೆಯುತ್ತಾರೆ. 7.9ರಲ್ಲಿ 7.5 ಹೋದರೆ ಉಳಿದದ್ದು 0.4. ಅದು ಎಲ್ಲ ಕಾರ್ಖಾನೆಗೂ ಸಿಗುತ್ತದೆ, ಯಾರ ಮುಂದೆಯೂ ಅರ್ಜಿ ಹಿಡಿದು ನಿಲ್ಲಬೇಕಿಲ್ಲ. ಇಷ್ಟು ದೊಡ್ಡ ವಿಷಯ ಯಾರ ಬಾಯಲ್ಲೂ ಬರುವುದಿಲ್ಲ, ಯಾಕೆಂದರೆ ಅದಕ್ಕೆ ರಿಬ್ಬನ್ ಕತ್ತರಿಸುವ ಕಾರ್ಯಕ್ರಮ ಇರುವುದಿಲ್ಲ.

ಕೆಂಪು ಡ್ರಿಲ್

ಲೆಕ್ಕಪತ್ರ ಸರ್, ಅದು ಡಾಲರ್, ರೂಪಾಯಿ ಅಲ್ಲ 😀

ಹಾಗಾದರೆ ಇನ್ನೂ ಕೆಟ್ಟದ್ದಾಯಿತಲ್ಲ? ಬರಬೇಕಾದ್ದನ್ನು ಬಿಡುವುದು ಒಂದು. ಬೊಕ್ಕಸದಿಂದ ಚೆಕ್ ಕೊಡುವುದು ಇನ್ನೊಂದು. 1.8 ಕೋಟಿಯನ್ನು 592ಕ್ಕೆ ಭಾಗಿಸಿದರೆ ಒಂದು ಕೆಲಸಕ್ಕೆ ಹತ್ತತ್ತಿರ 30,000 ಡಾಲರ್ ಬರುತ್ತದೆ.

ಲೆಕ್ಕಪತ್ರ

ಹೌದು, ಅಷ್ಟೇ ಬರುತ್ತದೆ. ಆದರೆ ಅದು ಒಂದೇ ಏಟಿಗೆ ಕೊಡುವ ದುಡ್ಡಲ್ಲ. ಇದು ಎಂಟರ್‌ಪ್ರೈಸ್ ಝೋನ್ ಅನ್ನುವ ಯೋಜನೆ. ಹೊಸ ಕೆಲಸಗಳ ಸಂಬಳದ ಮೇಲೆ ಗರಿಷ್ಠ 7% ಕ್ರೆಡಿಟ್ ಕೊಡಬಹುದು. ಒಬ್ಬರ ಸಂಬಳ ವರ್ಷಕ್ಕೆ 80,000 ಡಾಲರ್ ಅಂತ ಇಟ್ಟುಕೊಳ್ಳಿ. 7% ಅಂದರೆ 5,600. ಐದು ವರ್ಷಕ್ಕೆ 28,000. ನಿಮ್ಮ 30,000ದ ಹತ್ತಿರಕ್ಕೆ ಬಂತು.

ಈಗ ಆ ಕೆಲಸಗಾರ ರಾಜ್ಯಕ್ಕೆ ಏನು ಕೊಡುತ್ತಾನೆ? ಅಷ್ಟು ಸಂಬಳಕ್ಕೆ ವಿಸ್ಕಾನ್ಸಿನ್ ಆದಾಯ ತೆರಿಗೆ ವರ್ಷಕ್ಕೆ 4,000 ಆಸುಪಾಸು. ಖರ್ಚು ಮಾಡಿದ್ದರಲ್ಲಿ ರಾಜ್ಯದ ಮಾರಾಟ ತೆರಿಗೆ 5%. ಅವನು ಬೇರೆ ರಾಜ್ಯದಿಂದ ಬಂದವನಾದರೆ, ಅಥವಾ ಈ ಕೆಲಸ ಸಿಗದಿದ್ದರೆ ಚಿಕಾಗೋಗೆ ಹೋಗುತ್ತಿದ್ದವನಾದರೆ, ಆರೇಳು ವರ್ಷದಲ್ಲಿ ದುಡ್ಡು ವಾಪಸ್. ಅದೇ ಅವನು ಪಕ್ಕದ ಬೀದಿಯ ಕಂಪನಿ ಬಿಟ್ಟು ಇಲ್ಲಿಗೆ ಬಂದವನಾದರೆ? ರಾಜ್ಯಕ್ಕೆ ಹೊಸದಾಗಿ ಬಂದದ್ದು ಹೆಚ್ಚೇನೂ ಇಲ್ಲ. ಮೊದಲೂ ತೆರಿಗೆ ಕಟ್ಟುತ್ತಿದ್ದ, ಈಗಲೂ ಕಟ್ಟುತ್ತಾನೆ. 592 ಜನರಲ್ಲಿ ಯಾರು ಯಾವ ಬಗೆಯವರು ಅಂತ ಯಾವ ಕರಾರಿನಲ್ಲೂ ಬರೆದಿರುವುದಿಲ್ಲ.

ಯಾರಾದ್ರೂ ಹೇಳಿ

ಸಣ್ಣ ಅನುಮಾನ. ಕೆಲಸ ಕೊಡದಿದ್ದರೆ ದುಡ್ಡು ಹೋಯಿತಾ ಅಥವಾ ವಸೂಲಿ ಮಾಡುತ್ತಾರಾ?

ಲೆಕ್ಕಪತ್ರ

ಮೊದಲು ಕೆಲಸ, ಆಮೇಲೆ ಕ್ರೆಡಿಟ್. ಒಂದು ವರ್ಷ ಎಷ್ಟು ಜನರನ್ನು ತೆಗೆದುಕೊಂಡರು, ಎಷ್ಟು ಸಂಬಳ ಕೊಟ್ಟರು ಅಂತ ಕಂಪನಿ ದಾಖಲೆ ಕೊಡಬೇಕು. ಡಬ್ಲ್ಯುಇಡಿಸಿ ಅಂದರೆ ವಿಸ್ಕಾನ್ಸಿನ್ ಎಕನಾಮಿಕ್ ಡೆವಲಪ್‌ಮೆಂಟ್ ಕಾರ್ಪೊರೇಷನ್ ಅದನ್ನು ಪರಿಶೀಲಿಸಿ ಪ್ರಮಾಣಪತ್ರ ಕೊಡಬೇಕು. ಅದಾದ ಮೇಲೆ ತೆರಿಗೆ ಇಲಾಖೆ. ಪತ್ರಿಕೆಯ ತಲೆಬರಹದಲ್ಲಿ ಬರುವ "1.8 ಕೋಟಿ" ಗರಿಷ್ಠ ಮಿತಿ ಅಷ್ಟೇ. ಅರ್ಧ ಕೆಲಸ ಮಾಡಿದರೆ ಅರ್ಧ ದುಡ್ಡೂ ಸಿಗುತ್ತದೆ ಅನ್ನುವ ಖಾತ್ರಿ ಇಲ್ಲ.

ಕೆರೆದಂಡೆ

ಮಿಶಿಗನ್ ಸರೋವರದ ಈಚೆ ದಡದಲ್ಲಿ, ಅಂದರೆ ವಿಸ್ಕಾನ್ಸಿನ್‌ನಲ್ಲೇ ಇರುವವನು ನಾನು. ಇಲ್ಲಿಯವರ ತಲೆಯಲ್ಲಿ ತೆರಿಗೆ ಕ್ರೆಡಿಟ್ ಅಂದ ತಕ್ಷಣ ಬರುವ ಹೆಸರು ಮಿಲ್ವಾಕಿ ಟೂಲ್ ಅಲ್ಲ, ಫಾಕ್ಸ್‌ಕಾನ್.

2017ರಲ್ಲಿ ತೈವಾನಿನ ಎಲೆಕ್ಟ್ರಾನಿಕ್ಸ್ ಕಂಪನಿ ಫಾಕ್ಸ್‌ಕಾನ್ ಇಲ್ಲಿನ ರಸೀನ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ) ಮೌಂಟ್ ಪ್ಲೆಸೆಂಟ್‌ಗೆ ಬರುತ್ತದೆ ಅಂದಾಗ ಹಬ್ಬವೋ ಹಬ್ಬ. 1,000 ಕೋಟಿ ಡಾಲರ್ ತನಕ ಹೂಡಿಕೆ, 13,000 ಕೆಲಸ. ರಾಜ್ಯ ಕೊಡಲು ಒಪ್ಪಿದ್ದು ಹೆಚ್ಚುಕಮ್ಮಿ 300 ಕೋಟಿ ಡಾಲರ್. ಲೆಕ್ಕಪತ್ರ ಅವರು ಹೇಳಿದ ಆ 7% ಇತ್ತಲ್ಲ, ಫಾಕ್ಸ್‌ಕಾನ್‌ಗೆ ಪ್ರತ್ಯೇಕ ಕಾನೂನು ಮಾಡಿ ಅದನ್ನು 17% ಮಾಡಿದರು. ಕಟ್ಟಡ, ಯಂತ್ರದ ಖರ್ಚಿಗೆ ಬೇರೆ 15%. 2018ರ ಜೂನ್‌ನಲ್ಲಿ ಟ್ರಂಪ್, ಗವರ್ನರ್ ಸ್ಕಾಟ್ ವಾಕರ್, ಫಾಕ್ಸ್‌ಕಾನ್‌ನ ಟೆರ್ರಿ ಗೌ ಬಂದು ಚಿನ್ನದ ಬಣ್ಣದ ಗುದ್ದಲಿ ಹಿಡಿದು ಮಣ್ಣು ಅಗೆದರು.

ಮೊದಲು ದೊಡ್ಡ ಟಿವಿ ಪರದೆ ಅಂದರು. ಆಮೇಲೆ ಸಣ್ಣ ಪರದೆ ಅಂದರು. ಆಮೇಲೆ ಏನು ಮಾಡುತ್ತೇವೆ ಅಂತ ಅವರಿಗೇ ಗೊತ್ತಿದ್ದ ಹಾಗೆ ಕಾಣಲಿಲ್ಲ. 2021ರ ಏಪ್ರಿಲ್‌ನಲ್ಲಿ ಗವರ್ನರ್ ಟೋನಿ ಎವರ್ಸ್ ಕಾಲದಲ್ಲಿ ಹೊಸ ಕರಾರು ಆಯಿತು. 67.2 ಕೋಟಿ ಡಾಲರ್ ಹೂಡಿಕೆ, 1,454 ಕೆಲಸ, ಗರಿಷ್ಠ ಕ್ರೆಡಿಟ್ 8 ಕೋಟಿ.

ಆದರೆ ಒಂದು ಮಾತು. ಆ 300 ಕೋಟಿಯಲ್ಲಿ ಬಹುಪಾಲು ರಾಜ್ಯದ ಕೈಬಿಟ್ಟು ಹೋಗಲೇ ಇಲ್ಲ. ಕೆಲಸ ಕೊಟ್ಟ ಮೇಲೆ ದುಡ್ಡು ಅಂತ ಬರೆದಿದ್ದರಿಂದ ರಾಜ್ಯ ಬಚಾವ್. ಸಿಕ್ಕಿಹಾಕಿಕೊಂಡದ್ದು ಮೌಂಟ್ ಪ್ಲೆಸೆಂಟ್ ಹಳ್ಳಿ ಮತ್ತು ಕೌಂಟಿ. ಜಮೀನು ಕೊಳ್ಳುವುದು, ರಸ್ತೆ, ನೀರಿನ ಪೈಪು ಎಲ್ಲ ಅವರು ಸಾಲ ಮಾಡಿ ಮೊದಲೇ ಮಾಡಿಬಿಟ್ಟಿದ್ದರು. ಆ ಜಮೀನಿಗಾಗಿ ಮನೆ ಬಿಟ್ಟು ಹೋದವರು ಹೋಗಿಯೇಬಿಟ್ಟರು. ಆಮೇಲೆ ಅದೇ ಜಾಗದಲ್ಲಿ ಮೈಕ್ರೋಸಾಫ್ಟ್ ಡೇಟಾ ಸೆಂಟರ್‌ಗೆ ಭೂಮಿ ಕೊಂಡದ್ದು ಅವರ ಪುಣ್ಯ.

ಅದಕ್ಕೇ ಯಾವ ದೇಶದ ಕಂಪನಿ ಅನ್ನುವುದಕ್ಕಿಂತ ಯಾರು ಮೊದಲು ಜೇಬಿಗೆ ಕೈ ಹಾಕುತ್ತಾರೆ ಅಂತ ನಾನು ನೋಡುವುದು.

ಸ್ಪ್ಯಾನರ್ ಸುಬ್ಬಿ

ಕೆರೆದಂಡೆ ಸರ್, ಒಪ್ಪಿದೆ. ಆದರೆ ಪರಿಶೀಲನೆ ಮಾಡುವವರು ನೆಟ್ಟಗಿರಬೇಕಲ್ಲ! ಈ ಡಬ್ಲ್ಯುಇಡಿಸಿ 2011ರಲ್ಲಿ ಹುಟ್ಟಿದ್ದು. ಅದರ ಮೇಲೆ ರಾಜ್ಯದ ಲೆಕ್ಕಪರಿಶೋಧಕರು ಒಂದಾದ ಮೇಲೊಂದು ವರದಿ ಬರೆದರು. ಕಂಪನಿ ಹೇಳಿದ ಕೆಲಸದ ಸಂಖ್ಯೆಯನ್ನು ಸರಿಯಾಗಿ ತಾಳೆ ನೋಡುತ್ತಿಲ್ಲ ಅನ್ನುವುದೇ ಮುಖ್ಯ ಆಕ್ಷೇಪ. "ಕೆಲಸ ಕೊಟ್ಟ ಮೇಲೆ ದುಡ್ಡು" ಅನ್ನುವುದು ಕಾಗದದಲ್ಲಿ ಚೆನ್ನಾಗಿದೆ. ಎಣಿಸುವವರು ಕಂಪನಿ ಕೊಟ್ಟ ಪಟ್ಟಿಗೆ ಸುಮ್ನೆ ಮುದ್ರೆ ಒತ್ತಿದರೆ ಏನು ಬಂತು?

ಲೆಕ್ಕಪತ್ರ

ಆ ಆಕ್ಷೇಪ ನಿಜ ಮೇಡಂ. ಎಣಿಸುವುದು ಸುಲಭದ ಕೆಲಸವೂ ಅಲ್ಲ. ನಾನು ಹಿಂದೆ ಒಂದು ಕಂಪನಿಯಲ್ಲಿ (ಹೆಸರು ಬೇಡ, ಟೂಲ್ ಕಂಪನಿಯೂ ಅಲ್ಲ) ಇಂಥದ್ದೇ ಪಟ್ಟಿ ತಯಾರು ಮಾಡುವ ಕಡೆ ಇದ್ದೆ. ಎಕ್ಸೆಲ್ ಹಾಳೆಯಲ್ಲಿ ಒಬ್ಬೊಬ್ಬರಿಗೂ ಒಂದು ಸಾಲು. ಸೇರಿದ ದಿನ, ಗಂಟೆ ಲೆಕ್ಕ, ಸಂಬಳ, ಕೂರುವ ಜಾಗ. ಈ ಕೊನೇ ಕಾಲಂ ಇದೆಯಲ್ಲ, ಕೂರುವ ಜಾಗ, ಅಲ್ಲೇ ಆಟ. ಒಬ್ಬ ಸೇಲ್ಸ್‌ನವನು ಇಡೀ ವರ್ಷ ಬೇರೆ ರಾಜ್ಯದಲ್ಲಿ ತಿರುಗುತ್ತಾನೆ, ವರದಿ ಮಾಡುವುದು ಮಾತ್ರ ಈ ಆಫೀಸಿಗೆ. ಅವನನ್ನು ಸೇರಿಸಬೇಕಾ? ನಡುವೆ ಬಿಟ್ಟುಹೋದವರ ಜಾಗಕ್ಕೆ ಬಂದವರು ಹೊಸ ಕೆಲಸವಾ ಹಳೇ ಕೆಲಸವಾ? ನಮ್ಮ ಮೇಲಿನವರು ಎಲ್ಲರನ್ನೂ ಸೇರಿಸು ಅನ್ನುತ್ತಿದ್ದರು. ಆಚೆ ಕಡೆಯಿಂದ ಪ್ರಶ್ನೆ ಬಂದರೆ ತೆಗೆಯೋಣ ಅಂತ. ಬಹಳ ಸಲ ಪ್ರಶ್ನೆ ಬರುತ್ತಿರಲಿಲ್ಲ.

ಹಾಗಾಗಿ ಒಟ್ಟು ಸಂಖ್ಯೆ ನೋಡಿ ಮರುಳಾಗಬೇಡಿ. ಸಂಬಳದ ಮೊತ್ತದ ಮೇಲೆ ಕ್ರೆಡಿಟ್ ಕೊಡುವುದು ತಲೆ ಎಣಿಸಿ ಕೊಡುವುದಕ್ಕಿಂತ ವಾಸಿ. ಸಂಬಳಕ್ಕೆ ತೆರಿಗೆ ಕಟ್ಟಿದ ದಾಖಲೆ ಇಲಾಖೆಯ ಹತ್ತಿರವೇ ಇರುತ್ತದೆ, ತಾಳೆ ನೋಡಬಹುದು.

ನಗರ ನಕ್ಷೆ

2021ರ ನಗರದ ಕರಾರು ಬಗ್ಗೆ ಯಾರೂ ಬಿಡಿಸಿ ಹೇಳಲಿಲ್ಲ. ನಾನು ಹೇಳುತ್ತೇನೆ, ನನಗೆ ಅದೇ ಹೆಚ್ಚು ಕುತೂಹಲ.

ಮಿಲ್ವಾಕಿ ಟೂಲ್ 1924ರಲ್ಲಿ ಮಿಲ್ವಾಕಿ ನಗರದಲ್ಲೇ ಶುರುವಾದದ್ದು. ಒಂದೇ ಕೈಯಲ್ಲಿ ಹಿಡಿಯುವ ಕಾಲು ಇಂಚಿನ ಡ್ರಿಲ್, "ಹೋಲ್ ಶೂಟರ್", ಅವರ ಮೊದಲ ಹೆಸರುವಾಸಿ ಮಾಲು. 1965ರಲ್ಲಿ ನಗರ ಬಿಟ್ಟು ಪಕ್ಕದ ಬ್ರೂಕ್‌ಫೀಲ್ಡ್‌ಗೆ ಹೋದರು. ಹೆಸರು ಮಾತ್ರ ಮಿಲ್ವಾಕಿ, ತೆರಿಗೆ ಬ್ರೂಕ್‌ಫೀಲ್ಡ್‌ಗೆ. ನಂತರದ ವರ್ಷಗಳಲ್ಲಿ ನಗರದ, ಸುತ್ತಮುತ್ತಲಿನ ದೊಡ್ಡ ದೊಡ್ಡ ಕಾರ್ಖಾನೆಗಳೂ ಹೋದವು. ಟ್ರ್ಯಾಕ್ಟರ್ ಮಾಡುತ್ತಿದ್ದ ಆಲಿಸ್ ಚಾಮರ್ಸ್ 1987ರಲ್ಲಿ ದಿವಾಳಿ. ಆ ಊರಿಗೆ ಬಿದ್ದ ಏಟು ಸಣ್ಣದಲ್ಲ.

ಅಂಥ ನಗರಕ್ಕೆ 2021ರಲ್ಲಿ ಇವರು ವಾಪಸ್ ಬರುತ್ತೇವೆ ಅಂದರು. 501 ವೆಸ್ಟ್ ಮಿಶಿಗನ್ ಬೀದಿಯ ಖಾಲಿ ಆಫೀಸ್ ಕಟ್ಟಡ. 1,210 ಕೆಲಸ ತಂದರೆ ನಗರದಿಂದ 1.21 ಕೋಟಿ ಡಾಲರ್. 2,000 ಆದರೆ 2 ಕೋಟಿ. ಅಂದರೆ ಒಂದು ಕೆಲಸಕ್ಕೆ ಸರಿಯಾಗಿ 10,000. ರಾಜ್ಯದ ಕ್ರೆಡಿಟ್ ಬೇರೆ.

ನಗರಕ್ಕೆ ಈ ದುಡ್ಡು ಎಲ್ಲಿಂದ? ಟಿಫ್ ಅಂತ ಒಂದು ಪದ್ಧತಿ ಇದೆ. ಒಂದು ಜಾಗದ ಸುತ್ತ ಗೆರೆ ಎಳೆಯುತ್ತಾರೆ. ಇವತ್ತು ಅಲ್ಲಿಂದ ಬರುವ ಆಸ್ತಿ ತೆರಿಗೆ ಎಷ್ಟೋ ಅಷ್ಟು ಮೊದಲಿನಂತೆ ನಗರ, ಶಾಲೆ, ಕೌಂಟಿಗೆ ಹೋಗುತ್ತದೆ. ಹೊಸ ಕಟ್ಟಡ, ರಿಪೇರಿಯಿಂದ ಬೆಲೆ ಏರಿ ತೆರಿಗೆ ಹೆಚ್ಚಾದರೆ, ಆ ಹೆಚ್ಚಿದ ಪಾಲನ್ನು ಮಾತ್ರ ತೆಗೆದು ಈ ಯೋಜನೆಯ ಖರ್ಚಿಗೆ ಹಾಕುತ್ತಾರೆ. ಖರ್ಚು ತೀರಿದ ಮೇಲೆ ಗೆರೆ ಅಳಿಸುತ್ತಾರೆ, ಪೂರ್ತಿ ತೆರಿಗೆ ಎಲ್ಲರಿಗೂ.

ಕೇಳಲು ಸೊಗಸಾಗಿದೆ. ಚುಚ್ಚುವ ವಿಷಯ ಏನೆಂದರೆ, ಶಾಲೆಗೆ ಹೋಗಬೇಕಿದ್ದ ಪಾಲೂ ಅಷ್ಟು ವರ್ಷ ಅದರಲ್ಲೇ ಸಿಕ್ಕಿಕೊಳ್ಳುತ್ತದೆ. "ಕಟ್ಟಡ ಖಾಲಿ ಬಿದ್ದಿದ್ದರೆ ಆ ಪಾಲು ಹುಟ್ಟುತ್ತಲೇ ಇರಲಿಲ್ಲ" ಅನ್ನುವುದು ನಗರದವರ ಉತ್ತರ. ಇವರಲ್ಲದಿದ್ದರೆ ಇನ್ನೊಬ್ಬರು ಬರುತ್ತಿದ್ದರಾ ಅನ್ನುವುದರ ಮೇಲೆ ಆ ಉತ್ತರದ ತೂಕ ನಿಂತಿದೆ. 2021ರಲ್ಲಿ, ಅರ್ಧ ಪ್ರಪಂಚ ಮನೆಯಿಂದ ಕೆಲಸ ಮಾಡುತ್ತಿದ್ದಾಗ, ಖಾಲಿ ಆಫೀಸ್ ಕಟ್ಟಡಕ್ಕೆ ಸಾಲುಗಟ್ಟಿ ನಿಂತವರು ಯಾರೂ ಇರಲಿಲ್ಲ. ಅದಕ್ಕೇ ನಾನು ನಗರದ ಪರ.

ಕೆಂಪು ಡ್ರಿಲ್

ನಕ್ಷೆ ಸರ್, ಮುಖ್ಯ ಪ್ರಶ್ನೆ ಅದೇ. ಕೊಡದಿದ್ದರೂ ಬರುತ್ತಿದ್ದರಾ? ಕಂಪನಿಯೇ ಹೇಳಿಕೊಂಡಿರುವಂತೆ 2011ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಅವರಿಗೆ ಇದ್ದದ್ದು ಮುನ್ನೂರು ಚಿಲ್ಲರೆ ಜನ. 2021ಕ್ಕೆ ಸಾವಿರದ ನಾನೂರು ದಾಟಿತ್ತು. ಟಿಟಿಐ ಒಟ್ಟು ಮಾರಾಟ 2023ರಲ್ಲಿ 1,370 ಕೋಟಿ ಡಾಲರ್, 2024ರಲ್ಲಿ 1,460 ಕೋಟಿ. ಅದರಲ್ಲಿ ಓಡುವ ಕುದುರೆಯೇ ಮಿಲ್ವಾಕಿ. ಇಷ್ಟು ಜೋರಾಗಿ ಬೆಳೆಯುವವರಿಗೆ ಐದು ವರ್ಷಕ್ಕೆ 1.8 ಕೋಟಿ ಯಾವ ಲೆಕ್ಕ? ಎಂಜಿನಿಯರುಗಳೆಲ್ಲ ಬ್ರೂಕ್‌ಫೀಲ್ಡ್‌ನಲ್ಲಿ ಮನೆ ಮಾಡಿ, ಮಕ್ಕಳನ್ನು ಶಾಲೆಗೆ ಸೇರಿಸಿ ಕೂತಿದ್ದಾರೆ. ಅವರನ್ನು ಎಬ್ಬಿಸಿ ಟೆಕ್ಸಸ್‌ಗೆ ಸಾಗಿಸುತ್ತಿದ್ದರಾ?

ಲೆಕ್ಕಪತ್ರ

ಇದನ್ನೇ ಜೀವಮಾನವೆಲ್ಲ ಅಧ್ಯಯನ ಮಾಡಿದವರು ಒಬ್ಬರಿದ್ದಾರೆ. ಅಪ್‌ಜಾನ್ ಅನ್ನುವ ಸಂಶೋಧನಾ ಸಂಸ್ಥೆಯ ಅರ್ಥಶಾಸ್ತ್ರಜ್ಞ ಟಿಮ್ ಬಾರ್ಟಿಕ್. ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು 2018ರಲ್ಲಿ ಬರೆದರು. ರಿಯಾಯಿತಿ ಪಡೆದ ನೂರು ಕಂಪನಿಗಳಲ್ಲಿ, ರಿಯಾಯಿತಿಯ ಕಾರಣಕ್ಕೇ ತೀರ್ಮಾನ ಬದಲಿಸಿದವು 2ರಿಂದ 25 ಅಂತ. ಉಳಿದವು ಕೊಡದಿದ್ದರೂ ಅದನ್ನೇ ಮಾಡುತ್ತಿದ್ದವು.

ನಾನು 25ನ್ನೇ ತೆಗೆದುಕೊಂಡು ಲೆಕ್ಕ ಹಾಕುತ್ತೇನೆ. ಆಗ ನಿಜವಾಗಿ ಕೊಂಡ ಒಂದು ಕೆಲಸದ ಬೆಲೆ 30,000 ಅಲ್ಲ, ನಾಲ್ಕು ಪಟ್ಟು. 1,20,000 ಡಾಲರ್. ಅದನ್ನು ತೆರಿಗೆಯಿಂದ ವಾಪಸ್ ಪಡೆಯಲು ಆರೇಳು ವರ್ಷ ಸಾಲದು.

ಹಳೇ ಫಿಟ್ಟರ್

ನೀವೆಲ್ಲ ಕೆಲಸ ಕೆಲಸ ಅನ್ನುತ್ತಿದ್ದೀರಿ. ಯಾವ ಕೆಲಸ ಅಂತ ಒಬ್ಬರೂ ಕೇಳಲಿಲ್ಲ.

ನಿಮ್ಮ ಹತ್ತಿರ ಮಿಲ್ವಾಕಿಯ ಎಂ18 ಇಂಪ್ಯಾಕ್ಟ್ ಡ್ರೈವರ್, ಅಂದರೆ ಬ್ಯಾಟರಿಯಲ್ಲಿ ಸ್ಕ್ರೂ ಬಿಗಿಯುವ ಯಂತ್ರ, ಇದ್ದರೆ ಮೈಮೇಲಿನ ಸ್ಕ್ರೂ ತೆಗೆದು ನೋಡಿ (ಗ್ಯಾರಂಟಿ ಹೋಗುತ್ತದೆ, ಆಮೇಲೆ ನನ್ನ ಕೇಳಬೇಡಿ). ಎರಡು ಪ್ಲಾಸ್ಟಿಕ್ ಹೋಳು ಬಿಚ್ಚಿಕೊಳ್ಳುತ್ತವೆ. ಹಿಂದೆ ಬ್ರಷ್ ಇಲ್ಲದ ಮೋಟರ್. ಮುಂದೆ ಗೇರ್, ಅದರ ಮುಂದೆ ದಪ್ಪ ಸ್ಪ್ರಿಂಗ್ ಹಾಕಿದ ಒಂದು ಉಕ್ಕಿನ ತುಂಡು. ಸ್ಕ್ರೂ ಬಿಗಿಯಾದಾಗ ಆ ತುಂಡು ಹಿಂದೆ ಜಾರಿ, ಸುತ್ತಿ ಬಂದು ಟಕಟಕ ಅಂತ ಹೊಡೆಯುವುದು. ಹಿಡಿಕೆಯೊಳಗೆ ಅಂಟು ಸುರಿದು ಮುಚ್ಚಿದ ಸರ್ಕ್ಯೂಟ್ ಬೋರ್ಡ್. ಬ್ಯಾಟರಿ ಬಿಚ್ಚಿದರೆ 3.6 ವೋಲ್ಟಿನ ಸೆಲ್‌ಗಳು, ಐದು ಸಾಲಾಗಿ ಸೇರಿದರೆ 18. ಇಷ್ಟನ್ನೂ ಕೂಡಿಸುವ ಜಾಗ ಬ್ರೂಕ್‌ಫೀಲ್ಡ್ ಅಲ್ಲ. ಟಿಟಿಐಗೆ ಚೀನಾದ ಡಾಂಗ್‌ಗುವಾನ್‌ನಲ್ಲಿ ದೊಡ್ಡ ಕಾರ್ಖಾನೆ ಇದೆ. ವಿಯೆಟ್ನಾಂ, ಮೆಕ್ಸಿಕೊದಲ್ಲೂ ಇದೆ. ಮೈಮೇಲಿನ ಚೀಟಿ ಓದಿ, ಗೊತ್ತಾಗುತ್ತದೆ.

ಬ್ರೂಕ್‌ಫೀಲ್ಡ್‌ನಲ್ಲಿ ಆಗುವುದು ಮೋಟರ್ ಹೇಗಿರಬೇಕು, ಬೋರ್ಡಿನ ಒಳಗಿನ ಪ್ರೋಗ್ರಾಂ ಏನು ಮಾಡಬೇಕು ಅನ್ನುವ ಕೆಲಸ. ವಿನ್ಯಾಸ, ಪರೀಕ್ಷೆ, ಮಾರ್ಕೆಟಿಂಗ್. ಹಾಗಾಗಿ 592 ಕೆಲಸ ಅಂದಾಗ ಲೇತ್ ಮುಂದೆ ನಿಂತವನನ್ನು ಊಹಿಸಿಕೊಳ್ಳಬೇಡಿ. ಎರಡು ಪರದೆ ಮುಂದೆ ಕೂತ ಇಪ್ಪತ್ತೈದರ ಹುಡುಗಿಯನ್ನು ಊಹಿಸಿಕೊಳ್ಳಿ.

ಇದು ಕಮ್ಮಿ ಅಂತ ನಾನು ಹೇಳುತ್ತಿಲ್ಲ. ಕೂಡಿಸುವ ಸಾಲನ್ನು ಒಂದು ದೇಶದಿಂದ ಇನ್ನೊಂದಕ್ಕೆ ಎತ್ತಿ ಇಡುತ್ತಾರೆ. ಅಮೆರಿಕ 2018ರಲ್ಲಿ ಚೀನಾ ಮಾಲಿಗೆ ಸುಂಕ ಏರಿಸಿದ ಮೇಲೆ ವಿಯೆಟ್ನಾಂ ಕಡೆಗೆ ಹೊರಳಿದ್ದನ್ನು ನೋಡಿದೆವಲ್ಲ. ವರ್ಷಗಟ್ಟಲೆ ಒಟ್ಟಿಗೆ ಕೆಲಸ ಮಾಡಿದ ವಿನ್ಯಾಸದ ತಂಡವನ್ನು ಹಾಗೆ ಎತ್ತಿ ಇಡಲು ಆಗುವುದಿಲ್ಲ. ಹೋದರೆ ಜನ ಬರುವುದಿಲ್ಲ, ಪಕ್ಕದ ಹಾರ್ಲೆ ಡೇವಿಡ್‌ಸನ್‌ಗೋ ರಾಕ್‌ವೆಲ್‌ಗೋ ಸೇರುತ್ತಾರೆ.

ಸ್ಪ್ಯಾನರ್ ಸುಬ್ಬಿ

ಅಣ್ಣಾ, ಎತ್ತಿ ಇಡಲು ಆಗದ ಕೆಲಸ ಅಂತ ನೀವೇ ಹೇಳಿದ ಮೇಲೆ ಅದನ್ನು ಉಳಿಸಿಕೊಳ್ಳಲು ದುಡ್ಡು ಕೊಟ್ಟದ್ದು ಯಾಕೆ? ಕೆಂಪು ಡ್ರಿಲ್ ಅವರ ಕಡೆಗೇ ಗೋಲು ಹೊಡೆದಿರಿ.

ಹಳೇ ಫಿಟ್ಟರ್

ಇದ್ದವರನ್ನು ಎತ್ತಿ ಇಡಲು ಆಗುವುದಿಲ್ಲ. ಮುಂದಿನ ಐನೂರು ಜನರನ್ನು ಎಲ್ಲಿ ತೆಗೆದುಕೊಳ್ಳಬೇಕು ಅನ್ನುವುದು ಕಂಪನಿ ಕೈಯಲ್ಲೇ ಇದೆ. ಟಿಟಿಐಗೆ ದಕ್ಷಿಣ ಕೆರೊಲಿನಾದ ಆಂಡರ್ಸನ್‌ನಲ್ಲೂ ನೆಲೆ ಇದೆ. ಮಿಸಿಸಿಪಿಯಲ್ಲಿ ಗ್ರೀನ್‌ವುಡ್, ಜಾಕ್ಸನ್, ಆಲಿವ್ ಬ್ರಾಂಚ್ ಹೀಗೆ ಹಲವು ಕಡೆ ಮಿಲ್ವಾಕಿಯ ಕಾರ್ಖಾನೆ, ಗೋದಾಮು ಇವೆ. "ಅಲ್ಲಿ ಮಾಡುತ್ತೇವೆ" ಅಂತ ಹೇಳಲು ಅವರಿಗೆ ನಿಜವಾದ ಜಾಗಗಳಿವೆ. ಹೆದರಿಸಲು ಅಷ್ಟು ಸಾಕು.

ಕೆರೆದಂಡೆ

ಫಿಟ್ಟರ್ ಹೇಳಿದ್ದಕ್ಕೆ ಸಣ್ಣ ತಿದ್ದುಪಡಿ. ವಿಸ್ಕಾನ್ಸಿನ್‌ನಲ್ಲಿ ಬರೀ ಪರದೆ ಕೆಲಸ ಅಲ್ಲ. ಮುಕ್ವಾನಗೋದಲ್ಲಿ ರಸಮಟ್ಟ ಮಾಡುವ ಎಂಪೈರ್ ಲೆವೆಲ್ ಕಂಪನಿಯನ್ನು 2014ರಲ್ಲಿ ಕೊಂಡರು. ವೆಸ್ಟ್ ಬೆಂಡ್‌ನಲ್ಲಿ ಹೊಸ ಕಾರ್ಖಾನೆ ಕಟ್ಟಿ ಎಲೆಕ್ಟ್ರಿಷಿಯನ್‌ಗಳ ಕಟಿಂಗ್ ಪ್ಲೇಯರ್, ಸ್ಕ್ರೂಡ್ರೈವರ್ ಮಾಡುತ್ತಿದ್ದಾರೆ. "ಅಮೆರಿಕದಲ್ಲಿ ಮಾಡಿದ್ದು" ಅಂತ ಬರೆದಿರುವ ಪ್ಲೇಯರ್ ಅಲ್ಲಿಯದು. ಜನ ಕಮ್ಮಿ, ಯಂತ್ರ ಜಾಸ್ತಿ. ಆದರೂ ಕಾರ್ಖಾನೆ ಕಾರ್ಖಾನೆಯೇ.

ಯಾರಾದ್ರೂ ಹೇಳಿ

ಹಾಗಾದರೆ ಸಣ್ಣ ವರ್ಕ್‌ಶಾಪ್‌ನವರ ಕಥೆ? ಹತ್ತು ಜನ ಇರುವವರು ಇಬ್ಬರನ್ನು ಹೆಚ್ಚು ತೆಗೆದುಕೊಂಡರೆ ಅವರಿಗೂ 7% ಕೊಡುತ್ತಾರಾ?

ಲೆಕ್ಕಪತ್ರ

ಎಂಟರ್‌ಪ್ರೈಸ್ ಝೋನ್ ಅವರಿಗಲ್ಲ. ಅದನ್ನು ಹೆಚ್ಚಾಗಿ ದೊಡ್ಡವರೇ ಪಡೆಯುತ್ತಾರೆ. ಬಿಸಿನೆಸ್ ಡೆವಲಪ್‌ಮೆಂಟ್ ಕ್ರೆಡಿಟ್ ಅಂತ ಇನ್ನೊಂದು ಇದೆ, ಅದೂ ವಾಪಸ್ ಬರುವ ಜಾತಿ. ಅದಕ್ಕೆ ಸಣ್ಣವರೂ ಅರ್ಜಿ ಹಾಕಬಹುದು. ಆದರೆ ಕರಾರು, ವರದಿ, ಪ್ರಮಾಣಪತ್ರ ಅಂತ ಓಡಾಡಲು ದೊಡ್ಡ ಕಂಪನಿಯಲ್ಲಿ ಅದಕ್ಕೇ ಒಂದು ವಿಭಾಗ ಇರುತ್ತದೆ. ಹತ್ತು ಜನರ ವರ್ಕ್‌ಶಾಪ್‌ನಲ್ಲಿ ಅದನ್ನು ಮಾಲೀಕರೇ ರಾತ್ರಿ ಕೂತು ಮಾಡಬೇಕು.

ನನಗೆ ಈ ಇಡೀ ಪದ್ಧತಿಯಲ್ಲಿ ಕೊರೆಯುವುದು ಇದೇ. ಹಾಂಗ್‌ಕಾಂಗ್ ಅಲ್ಲ. ಬೆಳೆಯುತ್ತಲೇ ಇರುವವರಿಗೆ ಬೆಳೆದದ್ದಕ್ಕೆ ಬಹುಮಾನ, ಹೆಣಗುತ್ತಿರುವವರಿಗೆ ಅರ್ಜಿ ನಮೂನೆ.

ಕೆಂಪು ಡ್ರಿಲ್

ಸರಿ, ನನ್ನ ಮೊದಲ ಪ್ರಶ್ನೆಯನ್ನು ಪಕ್ಕಕ್ಕೆ ಇಡೋಣ. ಎರಡನೇದು. ಕರಾರಿನ ಐದು ವರ್ಷ ಮುಗಿದ ಮೇಲೆ ಜನರನ್ನು ತೆಗೆದರೆ?

ನಗರ ನಕ್ಷೆ

ಕ್ರೆಡಿಟ್ ಕರಾರುಗಳಲ್ಲಿ ವಾಪಸಾತಿ ಷರತ್ತು ಇರುತ್ತದೆ. ಅವಧಿಯೊಳಗೆ ಕೆಲಸ ಬೇರೆ ರಾಜ್ಯಕ್ಕೆ ಹೋದರೆ ಪಡೆದದ್ದನ್ನು ಮರಳಿಸಬೇಕು. ಅವಧಿ ಮುಗಿದ ಮೇಲೆ ಯಾರೂ ಕೇಳುವ ಹಾಗಿಲ್ಲ. ಅದಕ್ಕೇ ನಾನು ಕಟ್ಟಡಕ್ಕೆ ಅಂಟಿಕೊಂಡ ದುಡ್ಡಿನ ಪರ ಇರುವುದು. ಜನ ಹೋದರೂ 501 ವೆಸ್ಟ್ ಮಿಶಿಗನ್ ಬೀದಿಯಲ್ಲಿ ರಿಪೇರಿಯಾದ ಕಟ್ಟಡ ನಿಂತಿರುತ್ತದೆ, ಆಸ್ತಿ ತೆರಿಗೆ ಬರುತ್ತಲೇ ಇರುತ್ತದೆ.

ಸ್ಪ್ಯಾನರ್ ಸುಬ್ಬಿ

ಮೌಂಟ್ ಪ್ಲೆಸೆಂಟ್‌ನವರೂ ಇದನ್ನೇ ಅಂದಿದ್ದರು ಸರ್. ರಸ್ತೆ, ಪೈಪು ಎಲ್ಲೂ ಹೋಗುವುದಿಲ್ಲ ಅಂತ.

ನಗರ ನಕ್ಷೆ

ಅಲ್ಲಿ ಖಾಲಿ ಹೊಲದ ಮೇಲೆ ಸಾಲ ಮಾಡಿ ಕಟ್ಟಿದರು, ಗಿರಾಕಿ ಏನು ಮಾಡುತ್ತಾನೆ ಅಂತಲೇ ಗೊತ್ತಿರಲಿಲ್ಲ. ಇಲ್ಲಿ ಇದ್ದ ಕಟ್ಟಡ, ಇದ್ದ ರಸ್ತೆ, ಹೆಚ್ಚು ಕಡಿಮೆ ನೂರು ವರ್ಷದಿಂದ ಅದೇ ಸೀಮೆಯಲ್ಲಿ ಡ್ರಿಲ್ ಮಾಡುತ್ತಿರುವ ಕಂಪನಿ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ಮೇಡಂ. ಶಾಲೆಯ ಪಾಲಿನ ಬಗ್ಗೆ ಬೇಕಾದರೆ ಜಗಳ ಮಾಡಿ, ಅಲ್ಲಿ ನಾನು ಸುಮ್ಮನಿರುತ್ತೇನೆ.

ಸ್ಪ್ಯಾನರ್ ಸುಬ್ಬಿ

ಹಾಗಾದರೆ ಶಾಲೆ ಪಾಲಿಗೆ ಬೇರೆ ಚರ್ಚೆ ಶುರು ಮಾಡುತ್ತೇನೆ. ಲೆಕ್ಕಪತ್ರ ಸರ್, ಆ ಆಸ್ತಿ ತೆರಿಗೆಯಲ್ಲಿ ನಗರಕ್ಕೆ ಎಷ್ಟು, ಶಾಲೆಗೆ ಎಷ್ಟು, ಕೌಂಟಿಗೆ ಎಷ್ಟು ಅಂತ ಬಿಡಿಸಿ ಇಟ್ಟುಕೊಂಡು ಬನ್ನಿ.